ಸಂಸಾರ ಮತ್ತು ಕಾಯಿದೆ: ಒಂದು ಕಾಳುಮೆಣಸಿನ ಗೇಣಿ

ಮಕ್ಕಳು ಕಡಲಾಚೆಗೆ ಹೋದ ಮೇಲೆ ಹೆತ್ತವರಿಗೆ ಅಲ್ಲಿಂದ ಬರುವ ಸುದ್ದಿಗಳಲ್ಲಿ ಎರಡು ಬಗೆ. ಮೊಮ್ಮಗುವಿಗೆ ಹಲ್ಲು ಮೂಡಿದುದು, ಅಂಗಳದಲ್ಲಿ ಹಿಮ ಬಿದ್ದುದು, ಊರಿನಿಂದ ಒಯ್ದ ಮಾವಿನ ಮಿಡಿಯ ಉಪ್ಪಿನಕಾಯಿ ತೀರಿದುದು, ಇವೆಲ್ಲ ಕೇಳಿದೊಡನೆ ಅರ್ಥವಾಗುವಂಥವು. ಇನ್ನೊಂದು ಬಗೆಯ ಸುದ್ದಿ ಕಿವಿಗೆ ಬಿದ್ದರೂ ಮನಸ್ಸಿಗೆ ಇಳಿಯುವುದಿಲ್ಲ. ಆ ದೇಶದ ಕಾಯಿದೆ, ಸಾಲ, ತೆರಿಗೆಗಳ ಮಾತು ಬಂದಾಗ ತಂದೆತಾಯಿಗಳು ತಿಳಿದವರಂತೆ ತಲೆಯಾಡಿಸಿ, ರಾತ್ರಿಯೆಲ್ಲ ಅದನ್ನೇ ಯೋಚಿಸುತ್ತ ಮಲಗುತ್ತಾರೆ. ಈ ತಿಂಗಳು ನಮಗೆ ಬಂದ ಒಂದು ಪತ್ರ ಈ ಎರಡನೆಯ ಬಗೆಗೆ ಸೇರಿದ್ದು. ಇದೇ ಚಿಂತೆಯುಳ್ಳ ಮನೆಗಳು ನಮ್ಮ ಓದುಗರಲ್ಲಿ ಬೇರೆಯೂ ಇರುವುದರಿಂದ ಇದಕ್ಕೆ ಉತ್ತರವನ್ನು ಇಲ್ಲಿಯೇ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಪತ್ರ ಬರೆದವರು ಪಯಸ್ವಿನಿಯ ಬಳಿಯ ಹಳ್ಳಿಯೊಂದರ ನಿವೃತ್ತ ಶಾಲಾ ಅಧ್ಯಾಪಿಕೆ. ಅವರ ಮಗಳು, ಅಳಿಯ ಲಂಡನ್ನಿನ ದಕ್ಷಿಣದ ಅಂಚಿನಲ್ಲಿರುವ ಕ್ರಾಯ್ಡನ್ನಿನಲ್ಲಿ ಒಂದು ಫ್ಲ್ಯಾಟನ್ನು ಕೊಂಡಿದ್ದಾರೆ. ಈಗ ಮಗಳು ಹೇಳುತ್ತಾಳಂತೆ: “ಅಮ್ಮ, ಮನೆಯ ಲೀಸಿನಲ್ಲಿ ಎಂಬತ್ತೊಂದು ವರ್ಷ ನಾಲ್ಕು ತಿಂಗಳು ಮಾತ್ರ ಉಳಿದಿದೆ. ಅದನ್ನು ಮುಂದುವರಿಸಿಕೊಳ್ಳಬೇಕು, ಅದಕ್ಕೆ ದುಡ್ಡು ಬೇಕು.” ಇದನ್ನು ಕೇಳಿದ ಯಜಮಾನರಿಗೆ ಕೋಪ ಬಂದಿದೆ. “ಕೊಂಡ ಮನೆಗೆ ಎರಡನೆಯ ಸಲ ಕ್ರಯ ಕೊಡುವುದು ಯಾವ ಊರಿನ ನ್ಯಾಯ? ನೋಡದೆ ಕೊಂಡು ಮೋಸಹೋಗಿದ್ದಾರೆ” ಎಂಬುದು ಅವರ ತೀರ್ಮಾನ. ಅಳಿಯನಾದರೋ, ಹೊಸ ಕಾಯಿದೆಯೊಂದು ಬಂದಿದೆ, ಕಾದರೆ ಅಗ್ಗವಾಗುತ್ತದೆ ಎನ್ನುತ್ತಾನೆ. ತಾಯಿ ತಮ್ಮ ನಿವೃತ್ತಿಯ ಹಣದಲ್ಲಿ ತೆಗೆದಿರಿಸಿದ ಠೇವಣಿಯೊಂದನ್ನು ಮುರಿಯುವುದೋ ಬೇಡವೋ ಎಂಬ ಗೊಂದಲದಲ್ಲಿದ್ದಾರೆ. ಅವರ ಪ್ರಶ್ನೆಗಳು ಮೂರು. ಮಗಳು ಮೋಸಹೋದಳೇ? ಹಣ ಕೊಡಲೇಬೇಕೇ? ಕಾಯಬಹುದೇ?

ಮೊದಲನೆಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಮೋಸವಿಲ್ಲ. ಇಂಗ್ಲೆಂಡಿನಲ್ಲಿಯೂ ವೇಲ್ಸಿನಲ್ಲಿಯೂ ಫ್ಲ್ಯಾಟು ಕೊಂಡವರು ಬಹುತೇಕ ಎಲ್ಲರೂ ಕೊಂಡಿರುವುದು ಇದನ್ನೇ. ಅಲ್ಲಿ ಫ್ಲ್ಯಾಟಿನೊಡನೆ ಮಾರಾಟವಾಗುವುದು ಗೋಡೆ, ಮಾಡುಗಳ ಶಾಶ್ವತ ಒಡೆತನವಲ್ಲ. ಇಂತಿಷ್ಟು ವರ್ಷ ಅದನ್ನು ಅನುಭವಿಸುವ ಹಕ್ಕು.

ಇದು ಬೆಂಗಳೂರಿನವರು “ಲೀಸು” ಎನ್ನುವ ವ್ಯವಹಾರವಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಅಲ್ಲಿ ದೊಡ್ಡ ಮೊತ್ತವನ್ನು ಮನೆಯೊಡೆಯನಲ್ಲಿ ಇರಿಸಿ, ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಹಣವನ್ನು ಹಿಂದಕ್ಕೆ ಪಡೆಯುತ್ತಾರೆ. ಹಳೆಯ ಮಾತಿನಲ್ಲಿ ಅದು ಭೋಗ್ಯ. ಇಂಗ್ಲೆಂಡಿನ ಲೀಸನ್ನು ಅರ್ಥಮಾಡಿಕೊಳ್ಳಲು ನಮ್ಮ ನೆಲದ ಮಾತೇ ಸಾಕು. ಕಾಸರಗೋಡು 1956ರ ವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಲದ ಪತ್ರಗಳನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿರುವ ಹಿರಿಯರಿಗೆ ಗೇಣಿಯ ಮೂರು ಬಗೆ ತಿಳಿದಿದೆ. ಗೊತ್ತಾದ ಗೇಣಿಯ ಮೇಲೆ ತಲೆತಲಾಂತರಕ್ಕೆ ನಡೆಯುವುದು ಮೂಲಗೇಣಿ. ವರ್ಷದಿಂದ ವರ್ಷಕ್ಕೆ ನಡೆದು, ಧಣಿ ಬಿಡಿಸಿದರೆ ಬಿಡಬೇಕಾದುದು ಚಾಲಗೇಣಿ. ಇವೆರಡರ ನಡುವೆ ಗೊತ್ತುಪಡಿಸಿದ ಅವಧಿಗೆ ಮಾತ್ರ ಸಲ್ಲುವುದು ವಾಯಿದೆಗೇಣಿ. ಕ್ರಾಯ್ಡನ್ನಿನ ಫ್ಲ್ಯಾಟು ಈ ಮೂರನೆಯ ಜಾತಿಯದು. ವಾಯಿದೆ ಮಾತ್ರ ಬಹಳ ಉದ್ದ: 99 ವರ್ಷ, 125 ವರ್ಷ, ಕೆಲವೆಡೆ 999 ವರ್ಷ. ಅಷ್ಟೂ ವರ್ಷಗಳ ಕ್ರಯವನ್ನು ಮೊದಲೇ ಕೊಟ್ಟಾಗಿರುತ್ತದೆ. ಅದರ ಮೇಲೆ ವರ್ಷಕ್ಕೊಮ್ಮೆ ಧಣಿಗೆ ಒಂದು ಸಣ್ಣ ಮೊತ್ತ ಸಲ್ಲುತ್ತದೆ. ಅದನ್ನು ನೆಲಗೇಣಿ ಎನ್ನೋಣ. ವಾಯಿದೆ ಇರುವಷ್ಟು ಕಾಲ ಮನೆಯನ್ನು ಮಾರಬಹುದು, ಅಡವಿಡಬಹುದು, ಮಕ್ಕಳಿಗೆ ಬಿಡಬಹುದು. ಆದರೆ ಮಾರುವುದೂ ಬಿಡುವುದೂ ಉಳಿದ ವರ್ಷಗಳನ್ನು ಮಾತ್ರ.

ಇಂಗ್ಲೆಂಡಿನ 1925ರ ಆಸ್ತಿ ಕಾಯಿದೆ ಭೂಮಿಯ ಮೇಲೆ ಎರಡೇ ಬಗೆಯ ಹಿಡುವಳಿಯನ್ನು ಪೂರ್ಣ ಕಾನೂನುಬದ್ಧವೆಂದು ಒಪ್ಪಿತು. ಒಂದು ಅವಧಿಯಿಲ್ಲದ ಒಡೆತನ, ಅಂದರೆ ಫ್ರೀಹೋಲ್ಡ್. ಇನ್ನೊಂದು ಅವಧಿಯುಳ್ಳದ್ದು, ಅಂದರೆ ಲೀಸ್‌ಹೋಲ್ಡ್. ಬಿಡಿ ಮನೆಗಳು ಹೆಚ್ಚಾಗಿ ಮೊದಲನೆಯದರಲ್ಲಿ ಸೇರಿದರೆ, ಫ್ಲ್ಯಾಟುಗಳು ಎರಡನೆಯದರಲ್ಲಿ ಸೇರಿದುವು. ಇದಕ್ಕೊಂದು ಕಾರಣವುಂಟು. ಒಂದೇ ಕಟ್ಟಡದಲ್ಲಿ ಇಪ್ಪತ್ತು ಸಂಸಾರಗಳಿದ್ದರೆ ಮಾಡು ಸೋರಿದಾಗ ಎಲ್ಲರೂ ದುರಸ್ತಿಗೆ ಹಣ ಹಾಕಲೇಬೇಕು. ಆದರೆ ಫ್ರೀಹೋಲ್ಡ್ ಭೂಮಿಯನ್ನು ಕೊಂಡವನು “ದುರಸ್ತಿ ಮಾಡುತ್ತೇನೆ, ಹಣ ಹಾಕುತ್ತೇನೆ” ಎಂದು ಒಪ್ಪಿಕೊಂಡರೂ ಆ ಒಪ್ಪಿಗೆ ಅವನಿಂದ ಕೊಂಡ ಮುಂದಿನವನನ್ನು ಕಟ್ಟುವುದಿಲ್ಲವೆಂದು ಅಲ್ಲಿಯ ನ್ಯಾಯಾಲಯಗಳು 1885ರಷ್ಟು ಹಿಂದೆಯೇ ತೀರ್ಮಾನಿಸಿದುವು. ಗೇಣಿಚೀಟಿನಲ್ಲಾದರೆ ಆ ಮಾತು ಕೈಯಿಂದ ಕೈಗೆ ಇಳಿದು ಬರುತ್ತದೆ. ಹೀಗೆ ಒಂದು ಅನುಕೂಲಕ್ಕಾಗಿ ಹಿಡಿದ ದಾರಿ ಕ್ರಮೇಣ ಧಣಿಗಳ ಆದಾಯದ ದಾರಿಯೂ ಆಯಿತು. ಪಕ್ಕದ ಸ್ಕಾಟ್ಲೆಂಡಿನಲ್ಲಿ ಈ ಪದ್ಧತಿಯಿಲ್ಲ. ಎಡಿನ್‌ಬರೋದಲ್ಲಿ ಫ್ಲ್ಯಾಟು ಕೊಂಡ ಮಗನ ತಂದೆತಾಯಿಗಳು ಈ ಲೇಖನವನ್ನು ಕುತೂಹಲಕ್ಕಾಗಿ ಮಾತ್ರ ಓದಿದರೆ ಸಾಕು.

ವಾಯಿದೆ ಎಂದರೆ ಸವೆಯುವ ವಸ್ತು. ಅಂಗಡಿಯಿಂದ ತಂದ ಸಾಬೂನಿನ ಹಾಗೆ ಅದು ದಿನದಿನಕ್ಕೆ ಕರಗುತ್ತದೆ. ಕೊನೆಯ ದಿನ ಮನೆಯವರನ್ನು ಬೀದಿಗೆ ಹಾಕುತ್ತಾರೆಯೇ ಎಂದರೆ ಹಾಗಿಲ್ಲ. 1989ರ ಒಂದು ಕಾಯಿದೆ, ಅಲ್ಲಿಯೇ ವಾಸವಾಗಿರುವವರಿಗೆ ಪೇಟೆಯ ದರದ ಬಾಡಿಗೆ ಕೊಟ್ಟು ಮುಂದುವರಿಯುವ ರಕ್ಷಣೆಯನ್ನು ಸಾಮಾನ್ಯವಾಗಿ ಕೊಡುತ್ತದೆ. ಆದರೆ ಅಂದಿನಿಂದ ಅವರು ಒಡೆಯರಲ್ಲ, ಬಾಡಿಗೆಯವರು. ಎಂಬತ್ತು ವರ್ಷದಾಚೆಯ ಮಾತಿಗೆ ಇಂದೇಕೆ ಚಿಂತೆ ಎಂದು ಯಜಮಾನರು ಕೇಳಬಹುದು. ಚಿಂತೆ ಕೊನೆಯ ದಿನದ್ದಲ್ಲ. ವರ್ಷ ಕಡಮೆಯಾದಂತೆ ಮನೆಯ ಬೆಲೆ ಇಳಿಯುತ್ತದೆ. ಸಾಲ ಕೊಡುವ ಸಂಸ್ಥೆಗಳು ಹಿಂಜರಿಯುತ್ತವೆ. ಅವು ಹಿಂಜರಿದರೆ ಸಾಲ ಮಾಡಿ ಕೊಳ್ಳುವವರು ಬರುವುದಿಲ್ಲ. ಮಾರಬೇಕೆಂದಾಗ ಮಾರಲಾಗದ ಮನೆ ಎಷ್ಟು ಅಂದವಾಗಿದ್ದರೂ ಅದು ಕಟ್ಟಿಹಾಕಿದ ಹಣವೇ.

ಈ ಇಳಿತದಲ್ಲಿ ಎಂಬತ್ತು ಎಂಬುದು ಒಂದು ಹೊಸ್ತಿಲು. ಅದನ್ನು ವಿವರಿಸುವ ಮುನ್ನ, ವಾಯಿದೆಯನ್ನು ಮುಂದುವರಿಸಿಕೊಳ್ಳುವ ಹಕ್ಕು ಎಲ್ಲಿಂದ ಬಂತೆಂಬುದನ್ನು ಎರಡು ಮಾತಿನಲ್ಲಿ ಹೇಳಬೇಕು. ಲಂಡನ್ನಿನ ಮೇಫೇರ್, ಬೆಲ್ಗ್ರೇವಿಯಾ ಎಂಬ ಸಿರಿವಂತ ಬಡಾವಣೆಗಳ ನೆಲ 1677ರ ಒಂದು ಮದುವೆಯ ಮೂಲಕ ಗ್ರೋವ್‌ನರ್ ಮನೆತನಕ್ಕೆ ಸೇರಿತು. ಹೊಲವಾಗಿದ್ದ ಆ ನೆಲದಲ್ಲಿ ಮನೆಗಳೆದ್ದುವು. ಮನೆಗಳು ವಾಯಿದೆಗೆ ಹೋದುವು. ನೆಲ ಮಾತ್ರ ಮನೆತನದಲ್ಲಿಯೇ ಉಳಿಯಿತು. 1967ರಲ್ಲಿ ಪಾರ್ಲಿಮೆಂಟು ಬಿಡಿ ಮನೆಗಳ ಲೀಸುದಾರರಿಗೆ ನೆಲವನ್ನೇ ಕೊಳ್ಳುವ ಹಕ್ಕನ್ನು ಕೊಟ್ಟಿತು. ಆ ಮನೆತನದ ಟ್ರಸ್ಟಿಗಳು, “ನಮ್ಮ ಆಸ್ತಿಯನ್ನು ಕಸಿದು ಇನ್ನೊಬ್ಬನಿಗೆ ಕೊಡುವುದು ಅನ್ಯಾಯ” ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ವರೆಗೆ ಹೋದರು. ಸಾಮಾಜಿಕ ನ್ಯಾಯಕ್ಕಾಗಿ ಶಾಸನವು ಹೀಗೆ ಮಾಡಬಹುದೆಂದು ಆ ನ್ಯಾಯಾಲಯ 1986ರಲ್ಲಿ ತೀರ್ಪಿತ್ತಿತು.

ಈ ವಾದ ನಮ್ಮವರಿಗೆ ಹೊಸದಲ್ಲ. ಕೇರಳದ ಭೂಸುಧಾರಣಾ ಶಾಸನವನ್ನು ಪ್ರಶ್ನಿಸಿ ಎಡನೀರು ಮಠದ ಶ್ರೀ ಕೇಶವಾನಂದ ಭಾರತಿ ಸ್ವಾಮಿಗಳು 1970ರಲ್ಲಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಅರ್ಜಿ, ಹದಿಮೂರು ನ್ಯಾಯಮೂರ್ತಿಗಳ ಮುಂದೆ ನಡೆದು, 1973ರ ಏಪ್ರಿಲ್ 24ರಂದು ಸಂವಿಧಾನದ ಮೂಲ ಸ್ವರೂಪದ ತತ್ತ್ವವನ್ನೇ ದೇಶಕ್ಕೆ ಕೊಟ್ಟಿತು. ಆದರೆ ಆ ತೀರ್ಪಿನಿಂದ ಭೂಸುಧಾರಣೆ ನಿಲ್ಲಲಿಲ್ಲ. ಧಣಿಯ ಹಕ್ಕು ದೊಡ್ಡದೋ ಒಕ್ಕಲಿನ ಹಕ್ಕು ದೊಡ್ಡದೋ ಎಂಬ ಒಂದೇ ಪ್ರಶ್ನೆಯನ್ನು ಕಾಸರಗೋಡೂ ಬೆಲ್ಗ್ರೇವಿಯಾವೂ ಹೆಚ್ಚು ಕಡಮೆ ಒಂದೇ ತಲೆಮಾರಿನಲ್ಲಿ ಕೇಳಿದುವು. ವ್ಯತ್ಯಾಸ ಒಂದುಂಟು. ಕೇರಳದಲ್ಲಿ 1970ರ ಜನವರಿ 1ರಿಂದ ಗೇಣಿ ಪದ್ಧತಿಯೇ ಹೋಯಿತು. ಇಂಗ್ಲೆಂಡಿನಲ್ಲಿ ಪದ್ಧತಿ ಉಳಿಯಿತು. ಅದರಿಂದ ಹೊರಬರುವ ಬಾಗಿಲನ್ನು ಮಾತ್ರ ಕಾಯಿದೆ ತೆರೆಯಿತು. ಆ ಬಾಗಿಲನ್ನು ಒಬ್ಬೊಬ್ಬರೂ ತಾವಾಗಿಯೇ ತಟ್ಟಬೇಕು, ಮೇಲಾಗಿ ಕ್ರಯವನ್ನೂ ಕೊಡಬೇಕು. ತಟ್ಟದವನಿಗೆ ಕಾಯಿದೆ ಏನನ್ನೂ ಕೊಡುವುದಿಲ್ಲ.

ಫ್ಲ್ಯಾಟುಗಳಿಗೆ ಈ ಬಾಗಿಲು ತೆರೆದುದು 1993ರಲ್ಲಿ. ಆ ವರ್ಷದ ಕಾಯಿದೆಯ ಪ್ರಕಾರ, ಮೂಲತಃ 21 ವರ್ಷಕ್ಕಿಂತ ಹೆಚ್ಚಿನ ವಾಯಿದೆಗೆ ಕೊಟ್ಟ ಫ್ಲ್ಯಾಟಿನ ಲೀಸುದಾರನು, ಉಳಿದ ವರ್ಷಗಳ ಮೇಲೆ ಇನ್ನೂ 90 ವರ್ಷಗಳನ್ನು ಕೇಳಿ ಪಡೆಯಬಹುದು. 81 ಉಳಿದಿದ್ದರೆ 171 ಆಗುತ್ತದೆ. ಅಷ್ಟೇ ಅಲ್ಲ, ಅಂದಿನಿಂದ ನೆಲಗೇಣಿ ಇಲ್ಲವಾಗುತ್ತದೆ. ಇಲ್ಲವಾಗುತ್ತದೆ ಎನ್ನುವುದನ್ನು ಅಲ್ಲಿಯ ಕಾಯಿದೆ ಹೇಳುವ ರೀತಿ ಚಮತ್ಕಾರದ್ದು: ಇನ್ನು ಮುಂದೆ ಗೇಣಿ “ಒಂದು ಕಾಳುಮೆಣಸು”.

ನಮ್ಮ ಅಡಿಕೆ ಮರಗಳಿಗೆ ಹಬ್ಬಿದ ಬಳ್ಳಿಯ ಅದೇ ಒಳ್ಳೆಮೆಣಸು! ಮಲಬಾರಿನ ಕರಾವಳಿಯಿಂದ ಮೆಣಸು ಮರುಭೂಮಿ, ಸಮುದ್ರಗಳನ್ನು ದಾಟಿ ಹೋಗುತ್ತಿದ್ದ ಕಾಲದಲ್ಲಿ ಇಂಗ್ಲೆಂಡಿನಲ್ಲಿ ವರ್ಷಕ್ಕೆ ಒಂದು ರಾತಲು ಮೆಣಸನ್ನೇ ಗೇಣಿಯಾಗಿ ಅಳೆಯುವ ವಾಡಿಕೆಯಿತ್ತು. ಆಗ ಅದು ಬೆಲೆಬಾಳುವ ಗೇಣಿ. ಕಾಲಾಂತರದಲ್ಲಿ ಮೆಣಸು ಅಗ್ಗವಾಯಿತು, ರಾತಲು ಹೋಗಿ ಒಂದು ಕಾಳು ಉಳಿಯಿತು. ಗೇಣಿಯೆಂಬ ಹೆಸರಿಗೆ ಏನಾದರೂ ಇರಬೇಕಲ್ಲ, ಅದಕ್ಕಾಗಿ ಒಂದು ಕಾಳು. ಬಹುಮಟ್ಟಿಗೆ ಅದನ್ನು ಯಾರೂ ಕೇಳುವುದಿಲ್ಲ, ಯಾರೂ ಕೊಡುವುದಿಲ್ಲ. ಬರ್ಮುಡಾ ದ್ವೀಪದ ಸೇಂಟ್ ಜಾರ್ಜ್ ಪಟ್ಟಣದಲ್ಲಿ ಮಾತ್ರ, ಹಳೆಯ ಸರಕಾರಿ ಭವನವನ್ನು ಹಿಡಿದಿರುವ ಫ್ರೀಮೇಸನ್ನರ ಸಂಘವು 1816ರಿಂದ ನಡೆದು ಬಂದ ಪದ್ಧತಿಯಂತೆ ವರ್ಷಕ್ಕೊಮ್ಮೆ ಮೆರವಣಿಗೆಯಲ್ಲಿ ಒಂದು ಕಾಳುಮೆಣಸನ್ನು ತಂದೊಪ್ಪಿಸುತ್ತದೆ. ಕ್ರಾಯ್ಡನ್ನಿನ ಮಗಳು ಅಷ್ಟು ಮಾಡಬೇಕಾಗಿಲ್ಲ.

ಇನ್ನು ಕ್ರಯದ ಲೆಕ್ಕ. ವಾಯಿದೆ ಮುಂದುವರಿದಾಗ ಧಣಿಗೆ ಎರಡು ನಷ್ಟ. ಮುಂದೆ ಬರಬೇಕಾಗಿದ್ದ ನೆಲಗೇಣಿ ಹೋಗುತ್ತದೆ. ವಾಯಿದೆ ಮುಗಿದಾಗ ಕೈಸೇರಬೇಕಾಗಿದ್ದ ಮನೆ 90 ವರ್ಷ ದೂರ ಸರಿಯುತ್ತದೆ. ಈ ಎರಡರ ಇಂದಿನ ಬೆಲೆಯನ್ನು ಕಟ್ಟಿಕೊಡಬೇಕು. ಎಂಬತ್ತು ವರ್ಷದ ಮೇಲೆ ಸಿಗಬೇಕಾದ ಮನೆಯ ಇಂದಿನ ಬೆಲೆ ಚಿಕ್ಕದು. ಅರುವತ್ತು ವರ್ಷದ ಮೇಲಿನದು ಅದಕ್ಕಿಂತ ದೊಡ್ಡದು. ಮೂರನೆಯ ಒಂದು ಬಾಬತ್ತೂ ಇದೆ. ಅದರ ಹೆಸರು “ಮ್ಯಾರೇಜ್ ವ್ಯಾಲ್ಯೂ”, ಎಂದರೆ ಮದುವೆಯ ಮೌಲ್ಯ. ಇಲ್ಲಿ ಕೂಡುವುದು ಗಂಡುಹೆಣ್ಣುಗಳಲ್ಲ, ಧಣಿಯ ಹಕ್ಕೂ ಒಕ್ಕಲಿನ ಹಕ್ಕೂ. ಎರಡೂ ಬೇರೆಯಾಗಿದ್ದಾಗ ಇರುವ ಬೆಲೆಗಿಂತ ಕೂಡಿದಾಗ ಮನೆಯ ಬೆಲೆ ಹೆಚ್ಚುತ್ತದೆ. ಆ ಹೆಚ್ಚಳದಲ್ಲಿ ಅರ್ಧ ಧಣಿಗೆ ಎಂಬುದು 1993ರ ಕಾಯಿದೆಯ ಲೆಕ್ಕದಲ್ಲಿ ಸೇರಿದೆ. ಆದರೆ ಉಳಿದ ವಾಯಿದೆ 80 ವರ್ಷವನ್ನು ಮೀರಿದ್ದರೆ ಈ ಬಾಬತ್ತು ಸೊನ್ನೆ ಎಂದು 2002ರ ತಿದ್ದುಪಡಿ ಹೇಳಿತು. ಎಂಬತ್ತರ ಹೊಸ್ತಿಲು ಎಂದುದು ಇದನ್ನೇ.

ಅಂಕಿಗಳಲ್ಲಿ ಹೇಳಿದರೆ ಸ್ಪಷ್ಟವಾದೀತು. ಇದು ಲೆಕ್ಕ ತಿಳಿಯಲೆಂದು ನಾನೇ ಹಾಕಿದ ಉದಾಹರಣೆ, ನಿಜವಾದ ಮನೆಯೊಂದರದಲ್ಲ. ದೀರ್ಘ ವಾಯಿದೆಯಿದ್ದರೆ 3,00,000 ಪೌಂಡು ಬಾಳುವ ಫ್ಲ್ಯಾಟು, ವರ್ಷಕ್ಕೆ 100 ಪೌಂಡು ನೆಲಗೇಣಿ ಎಂದುಕೊಳ್ಳಿ. ಮನೆಯ ಬೆಲೆಯನ್ನು ನೂರಕ್ಕೆ 5ರ ದರದಲ್ಲಿ, ಗೇಣಿಯನ್ನು ನೂರಕ್ಕೆ 6ರ ದರದಲ್ಲಿ ಇಂದಿಗೆ ಇಳಿಸೋಣ. 81 ವರ್ಷ ಉಳಿದಿದ್ದರೆ ಕ್ರಯ ಸುಮಾರು 7,400 ಪೌಂಡು. 79 ವರ್ಷ ಉಳಿದಿದ್ದು, ಕಿರಿದಾದ ವಾಯಿದೆಯಿಂದಾಗಿ ಮನೆಯ ಬೆಲೆ 2,85,000ಕ್ಕೆ ಇಳಿದಿದ್ದರೆ ಮೊದಲ ಎರಡು ಬಾಬತ್ತಿಗೆ 8,000, ಮದುವೆಯ ಮೌಲ್ಯದ ಅರ್ಧಕ್ಕೆ 3,500, ಒಟ್ಟು ಸುಮಾರು 11,500. 60 ವರ್ಷ ಮಾತ್ರ ಉಳಿದು ಬೆಲೆ 2,52,000ಕ್ಕೆ ಇಳಿದಿದ್ದರೆ ಒಟ್ಟು ಸುಮಾರು 32,800 ಪೌಂಡು. ಎರಡು ವರ್ಷದ ಆಲಸ್ಯಕ್ಕೆ 4,000 ಪೌಂಡಿನ ದಂಡ. ಇಪ್ಪತ್ತು ವರ್ಷದ ಮರೆವಿಗೆ ನಾಲ್ಕು ಪಟ್ಟಿಗೂ ಮೀರಿದ ಕ್ರಯ. ಇದಲ್ಲದೆ ತನ್ನ ವಕೀಲರ ಮತ್ತು ಮೌಲ್ಯಮಾಪಕರ ಶುಲ್ಕದೊಂದಿಗೆ ಧಣಿಯ ಕಡೆಯ ಯುಕ್ತ ವೆಚ್ಚವನ್ನೂ ಒಕ್ಕಲೇ ಕೊಡಬೇಕೆಂಬುದು 1993ರ ಕಾಯಿದೆಯ ಏರ್ಪಾಡು.

99 ವರ್ಷದ ವಾಯಿದೆ ಕೇಳುವುದಕ್ಕೆ ಒಂದು ಯುಗದಂತಿದೆ. ಆದರೆ ಅದರಲ್ಲಿ ಹೊಸ್ತಿಲಿನ ಈಚೆಗಿರುವುದು ಮೊದಲ ಹತ್ತೊಂಬತ್ತು ವರ್ಷ ಮಾತ್ರ. 1985ರಲ್ಲಿ ಕೊಟ್ಟ 99 ವರ್ಷದ ಲೀಸು 2004ರಲ್ಲಿಯೇ ಎಂಬತ್ತಕ್ಕೆ ಇಳಿಯಿತು. ಆದುದರಿಂದ ಆ ದೇಶದಲ್ಲಿ ಫ್ಲ್ಯಾಟು ನೋಡಹೊರಟ ಮಕ್ಕಳಿಗೆ ನಾವು ಕೇಳಬೇಕಾದ ಮೊದಲ ಪ್ರಶ್ನೆ ಕೋಣೆಗಳೆಷ್ಟು, ಅಡಿಗೆಮನೆ ಯಾವ ದಿಕ್ಕಿಗೆ ಎಂಬುದಲ್ಲ; ವರ್ಷಗಳೆಷ್ಟು ಉಳಿದಿವೆ ಎಂಬುದು.

ಹಕ್ಕನ್ನು ಚಲಾಯಿಸುವ ಕ್ರಮ ಹೀಗಿದೆ. ಮೊದಲು ನಿಜವಾದ ಧಣಿ ಯಾರೆಂದು ಹುಡುಕಬೇಕು. ನಮ್ಮಲ್ಲಿ ಮೂಲಗೇಣಿಯ ಕೆಳಗೆ ಒಳಮೂಲಗೇಣಿ ಇದ್ದಂತೆ ಅಲ್ಲಿಯೂ ಲೀಸಿನ ಕೆಳಗೆ ಲೀಸು ಇರುವುದುಂಟು. ನೆಲಗೇಣಿ ವಸೂಲು ಮಾಡುವವನೇ 90 ವರ್ಷ ಕೊಡಬಲ್ಲ ಧಣಿ ಎನ್ನುವಂತಿಲ್ಲ. ಭೂದಾಖಲೆಯ ಕಚೇರಿಯಲ್ಲಿ ಸಣ್ಣ ಶುಲ್ಕ ಕೊಟ್ಟರೆ ಇದು ತಿಳಿಯುತ್ತದೆ. ಧಣಿಯೇ ಕಾಣೆಯಾಗಿದ್ದರೆ ನ್ಯಾಯಾಲಯದ ಮೂಲಕ ಪಡೆಯುವ ದಾರಿಯಿದೆ. ಆಮೇಲೆ ಈ ಕೆಲಸದಲ್ಲಿ ಪಳಗಿದ ಮೌಲ್ಯಮಾಪಕನಿಂದ ಬೆಲೆ ಕಟ್ಟಿಸಿ, ಸಾಲಿಸಿಟರ್ ಮೂಲಕ ಧಣಿಗೆ ನೋಟೀಸು ಕೊಡಬೇಕು. ನಾನು ಇಷ್ಟು ಕೊಡುತ್ತೇನೆ ಎಂಬ ಮೊತ್ತವೂ, ಎರಡು ತಿಂಗಳಿಗೆ ಕಡಮೆಯಿಲ್ಲದ ಉತ್ತರದ ಗಡುವೂ ಅದರಲ್ಲಿರಬೇಕು. ಧಣಿ ನೂರಕ್ಕೆ 10ರಷ್ಟು ಮುಂಗಡವನ್ನು ಕೇಳಬಹುದು. ಅವನು ಮರುನೋಟೀಸಿನಲ್ಲಿ ಹೆಚ್ಚು ಕೇಳುತ್ತಾನೆ, ಇವರು ಕಡಮೆ ಹೇಳುತ್ತಾರೆ. ನಮ್ಮ ಪೇಟೆಯ ಚೌಕಾಸಿಯೇ ಅದು, ಭಾಷೆ ಮಾತ್ರ ಗಂಭೀರ. ಮಾತು ಕೂಡದಿದ್ದರೆ ಮರುನೋಟೀಸು ಬಂದ ಎರಡು ತಿಂಗಳ ಮೇಲೆ, ಆರು ತಿಂಗಳ ಒಳಗೆ ಆಸ್ತಿ ನ್ಯಾಯಮಂಡಲಿಗೆ ಅರ್ಜಿ ಹಾಕಬೇಕು. ಈ ಆರು ತಿಂಗಳನ್ನು ಮೀರಿದರೆ ನೋಟೀಸು ಬಿದ್ದುಹೋದಂತೆಯೇ.

ಇದರಲ್ಲಿ ನೆನಪಿಡಬೇಕಾದ ಅಂಶ ಒಂದು: ಬೆಲೆ ಕಟ್ಟುವುದು ವ್ಯವಹಾರ ಮುಗಿದ ದಿನಕ್ಕಲ್ಲ, ನೋಟೀಸು ಕೊಟ್ಟ ದಿನಕ್ಕೆ. ಎಂಬತ್ತು ವರ್ಷ ಒಂದು ತಿಂಗಳು ಉಳಿದಿರುವಾಗ ಕ್ರಮವಾದ ನೋಟೀಸು ತಲುಪಿದ್ದರೆ, ಚೌಕಾಸಿ ಒಂದು ವರ್ಷ ಎಳೆದರೂ ಹೊಸ್ತಿಲು ದಾಟಿದಂತಾಗುವುದಿಲ್ಲ. ನೋಟೀಸಿನಲ್ಲಿ ದೋಷವಿದ್ದು ಅದು ಬಿದ್ದುಹೋದರೆ ಹೊಸ ನೋಟೀಸಿಗೆ ಹೊಸ ದಿನಾಂಕ. ಅಷ್ಟರಲ್ಲಿ ಎಂಬತ್ತು ಜಾರಿದ್ದರೆ ಮದುವೆಯ ಮೌಲ್ಯ ತಲೆಯ ಮೇಲೆ ಬರುತ್ತದೆ. ಆದುದರಿಂದ ಕೊನೆಯ ತಿಂಗಳಿಗೆ ಇಟ್ಟುಕೊಳ್ಳಬಾರದು. ಮಗಳು ಬಾಣಂತನಕ್ಕೆ ಊರಿಗೆ ಬಂದಿದ್ದರೂ ಅಡ್ಡಿಯಿಲ್ಲ. ಲೀಸುದಾರನ ಪರವಾಗಿ ಬೇರೆಯವರು ನೋಟೀಸಿಗೆ ಸಹಿ ಹಾಕಬಹುದೆಂದು 2014ರ ತಿದ್ದುಪಡಿ ಅವಕಾಶ ಕೊಟ್ಟಿದೆ.

ಇಲ್ಲೊಂದು ಎಚ್ಚರಿಕೆ. ಕೆಲವೊಮ್ಮೆ ಧಣಿಯೇ ಸೌಜನ್ಯದಿಂದ, “ಕಾಯಿದೆಯ ಗೋಜು ಏಕೆ, ನಾವೇ ಮಾತಾಡಿಕೊಳ್ಳೋಣ, ಖರ್ಚು ಕಡಮೆ” ಎಂದು ಕಾಗದ ಬರೆಯುತ್ತಾನೆ. ಇದು ತಪ್ಪೇನಲ್ಲ, ಆದರೆ ಅವನು ಕೊಡುವುದು 90 ವರ್ಷವೇ, ಅಥವಾ ಹಳೆಯ 99ಕ್ಕೆ ತುಂಬಿಸಿಕೊಡುವುದು ಮಾತ್ರವೇ ಎಂಬುದನ್ನು ನೋಡಬೇಕು. ನೆಲಗೇಣಿಯ ಮಾತನ್ನು ಇನ್ನೂ ಎಚ್ಚರದಿಂದ ಓದಬೇಕು. 2022ರ ಜೂನ್ 30ರಿಂದ ಜಾರಿಗೆ ಬಂದ ಕಾಯಿದೆ ಹೊಸ ದೀರ್ಘ ಲೀಸುಗಳಲ್ಲಿ ನೆಲಗೇಣಿಯನ್ನು ಒಂದು ಕಾಳುಮೆಣಸಿಗೆ ಇಳಿಸಿತಾದರೂ, ಹೀಗೆ ಖಾಸಗಿಯಾಗಿ ಮುಂದುವರಿಸಿದಾಗ ಹಳೆಯ ವಾಯಿದೆ ಮುಗಿಯುವ ವರೆಗೆ ಹಳೆಯ ಗೇಣಿ ನಡೆಯಬಹುದು. ಹತ್ತು ಹತ್ತು ವರ್ಷಕ್ಕೆ ಇಮ್ಮಡಿಯಾಗುವ ಗೇಣಿಯ ಲೀಸುಗಳೂ ಆ ದೇಶದಲ್ಲಿವೆ. 250 ಪೌಂಡಿನಿಂದ ಆರಂಭವಾದ ಗೇಣಿ ಹೀಗೆ ಐವತ್ತು ವರ್ಷದಲ್ಲಿ 8,000 ಪೌಂಡಾಗುತ್ತದೆ. ಕಾಯಿದೆಯ ದಾರಿಯಲ್ಲಿ ಹೋದವನಿಗೆ ಈ ಭಯವಿಲ್ಲ.

ಈಗ ಅಳಿಯನ ಮಾತಿಗೆ ಬರೋಣ. ಅವನು ಹೇಳಿದುದು ಸುಳ್ಳಲ್ಲ. 2024ರ ಮೇ 24ರಂದು ಅಲ್ಲಿ ಹೊಸ ಕಾಯಿದೆಗೆ ಅಂಗೀಕಾರವಾಯಿತು. ಅದು 90 ವರ್ಷದ ಬದಲು 990 ವರ್ಷ ಕೊಡಬೇಕೆನ್ನುತ್ತದೆ. ಮದುವೆಯ ಮೌಲ್ಯವನ್ನು ತೆಗೆದುಹಾಕುತ್ತದೆ. ಧಣಿಯ ವೆಚ್ಚದ ಹೊರೆಯನ್ನೂ ಬಹುಮಟ್ಟಿಗೆ ಇಳಿಸುತ್ತದೆ. ನೆಲದೊಡೆಯರು ಇದನ್ನು ಪ್ರಶ್ನಿಸಿದಾಗ ಲಂಡನ್ನಿನ ಹೈಕೋರ್ಟು 2025ರ ಅಕ್ಟೋಬರಿನಲ್ಲಿ ಅವರ ಅರ್ಜಿಯನ್ನು ತಳ್ಳಿಹಾಕಿತು. ಆದರೆ ಕಾಯಿದೆಗೆ ಅಂಗೀಕಾರವಾಗುವುದು ಬೇರೆ, ಅದರ ವಿಧಿಗಳು ಜಾರಿಗೆ ಬರುವುದು ಬೇರೆ. ಒಂದೊಂದು ವಿಧಿಗೂ ಸರಕಾರ ದಿನ ಗೊತ್ತುಮಾಡಬೇಕು. ಬೆಲೆ ಕಟ್ಟುವ ದರಗಳನ್ನೂ ಸರಕಾರವೇ ನಿಗದಿ ಮಾಡಬೇಕು. ಮನೆ ಕೊಂಡು ಎರಡು ವರ್ಷ ಕಾಯಬೇಕೆಂಬ ಹಳೆಯ ನಿಬಂಧನೆ 2025ರ ಜನವರಿ 31ರಂದು ರದ್ದಾಯಿತು. ಬೆಲೆಯ ಲೆಕ್ಕ ಬದಲಿಸುವ ವಿಧಿಗಳು ಅದರೊಡನೆ ಬರಲಿಲ್ಲ. ನೋಟೀಸು ಕೊಡುವ ದಿನ ಯಾವ ವಿಧಿ ಜಾರಿಯಲ್ಲಿದೆ ಎಂಬುದನ್ನು ಆ ದಿನವೇ ಸಾಲಿಸಿಟರನ್ನು ಕೇಳಿ ತಿಳಿಯತಕ್ಕದ್ದು.

ಹಾಗಾದರೆ ಕಾಯಬಹುದೇ? ಇದಕ್ಕೆ ಎಲ್ಲರಿಗೂ ಒಂದೇ ಉತ್ತರವಿಲ್ಲ. ನೂರು ವರ್ಷ ಉಳಿದಿರುವವರು ನೆಮ್ಮದಿಯಿಂದ ಕಾಯಬಹುದು. ಎಂಬತ್ತಕ್ಕಿಂತ ಬಹಳ ಕೆಳಗಿಳಿದು, ಮಾರುವ ಉದ್ದೇಶವಿಲ್ಲದೆ ವಾಸವಾಗಿರುವವರು ಕಾದು ನೋಡಿದರೆ ಮದುವೆಯ ಮೌಲ್ಯದ ದೊಡ್ಡ ಮೊತ್ತ ಉಳಿದೀತು. ಆದರೆ ಅಷ್ಟು ಕಾಲ ಸವೆಯುವ ವರ್ಷಗಳ ಬೆಲೆ ಏರುತ್ತಲೇ ಇರುತ್ತದೆ ಎಂಬುದನ್ನು ತೂಗಿ ನೋಡಬೇಕು. ಮಾರಬೇಕಾಗಿರುವವರಿಗೂ ಹೊಸ ಸಾಲ ಬೇಕಾದವರಿಗೂ ಕಾಯುವ ಅನುಕೂಲವೇ ಇಲ್ಲ. ನಮ್ಮ ಅಧ್ಯಾಪಿಕೆಯ ಮಗಳ ಸ್ಥಿತಿ ಇವೆಲ್ಲಕ್ಕಿಂತ ಭಿನ್ನ. ಅವಳಿಗೆ ಎಂಬತ್ತರ ಹೊಸ್ತಿಲಿಗೆ ಹದಿನಾರು ತಿಂಗಳಿದೆ. ಅವಳ ಲೆಕ್ಕದಲ್ಲಿ ಮದುವೆಯ ಮೌಲ್ಯ ಈಗಲೇ ಸೊನ್ನೆ. ಇಲ್ಲದ ಹೊರೆಯನ್ನು ಹೊಸ ಕಾಯಿದೆ ಇಳಿಸುವುದೆಂತು? ಕಾದರೆ ಸಿಗುವುದು ವೆಚ್ಚದಲ್ಲಿ ಒಂದಿಷ್ಟು ಉಳಿತಾಯ, 171ರ ಬದಲು ಸಾವಿರಕ್ಕೆ ಮೀರಿದ ವರ್ಷ. 171 ವರ್ಷ ಅವಳ ಮರಿಮಕ್ಕಳಿಗೂ ಸಾಕು. ಕಾದು, ಹೊಸ ವಿಧಿಗಳು ಹದಿನಾರು ತಿಂಗಳೊಳಗೆ ಬರದಿದ್ದರೆ ಕಳೆದುಕೊಳ್ಳುವುದು ಬಹಳ. ಆದುದರಿಂದ ಅಳಿಯನಿಗೆ ಹೇಳಬೇಕಾದ ಮಾತು ಇಷ್ಟೇ: ಬೆಲೆ ಕಟ್ಟಿಸುವ ಕೆಲಸವನ್ನು ಈಗಲೇ ಮಾಡಿಸಿ, ನೋಟೀಸನ್ನು ಸಿದ್ಧಪಡಿಸಿಕೊಂಡು, ಎಂಬತ್ತಕ್ಕೆ ಆರು ತಿಂಗಳು ಉಳಿದಿರುವಾಗಲಾದರೂ ಅದನ್ನು ಕಳುಹಿಸಿಬಿಡಲಿ. ಅದಕ್ಕೆ ಮೊದಲೇ ಹೊಸ ವಿಧಿ ಜಾರಿಗೆ ಬಂದರೆ ಒಳ್ಳೆಯದೇ ಆಯಿತು. ಆಗ ಎರಡೂ ಲೆಕ್ಕವನ್ನು ಹಾಕಿಸಿ ನೋಡಬಹುದು. ಸರಕಾರದ ನೆರವಿನಿಂದ ನಡೆಯುವ ಲೀಸ್‌ಹೋಲ್ಡ್ ಸಲಹಾ ಸೇವೆ ಎಂಬ ಸಂಸ್ಥೆ ಇಂಗ್ಲೆಂಡ್, ವೇಲ್ಸುಗಳ ಲೀಸುದಾರರಿಗೆ ಉಚಿತವಾಗಿ ಸಲಹೆ ಕೊಡುತ್ತದೆ. ಮೊದಲು ಅಲ್ಲಿ ವಿಚಾರಿಸಲಿ.

ಉಳಿದುದು ತಾಯಿಯ ಠೇವಣಿಯ ಮಾತು. ಸಹಾಯ ಮಾಡುವುದಾದರೆ ಅದು ಸಾಲವೋ ಕೊಡುಗೆಯೋ ಎಂಬುದನ್ನು ಮನೆಯಲ್ಲಿ ಮೊದಲೇ ಬಾಯಿಬಿಟ್ಟು ಮಾತಾಡಿಕೊಳ್ಳಿ. ಊರಿನಿಂದ ಹೋದ ಹಣ ಎಲ್ಲಿಂದ ಬಂತೆಂದು ಅಲ್ಲಿಯ ಸಾಲಿಸಿಟರ್ ಕೇಳುತ್ತಾನೆ. ಅದು ಅವಮಾನವಲ್ಲ, ಕಾಳಧನದ ವಿರುದ್ಧ ಆ ದೇಶ ಮಾಡಿಕೊಂಡ ನಿಯಮ. ಠೇವಣಿಯ ರಸೀದಿ, ಪಿಂಚಣಿಯ ಪುಸ್ತಕ, ತೋಟದ ಹುಟ್ಟುವಳಿಯ ಲೆಕ್ಕ ಇವನ್ನು ಒಟ್ಟಾಗಿಡಿ. ಬ್ಯಾಂಕಿನ ಮೂಲಕವೇ ಕಳುಹಿಸಿ. ಇಡಿಯ ಠೇವಣಿಯನ್ನು ಮುರಿಯುವ ಮುನ್ನ, ಮಗಳಿಗೆ ಬೇಕಾದುದು ಎಷ್ಟೆಂದು ಮೌಲ್ಯಮಾಪಕನ ಕಾಗದ ಬರುವ ವರೆಗೆ ತಾಳಿ. ಹೆತ್ತವರ ಮುಪ್ಪಿಗೂ ಒಂದು ವಾಯಿದೆಯಿದೆ. ಅದನ್ನು 90 ವರ್ಷ ಮುಂದಕ್ಕೆ ಹಾಕುವ ಕಾಯಿದೆ ಯಾವ ಪಾರ್ಲಿಮೆಂಟಿನಲ್ಲಿಯೂ ಆಗಿಲ್ಲ.

ಯಜಮಾನರಿಗೆ ಒಂದು ವಿಜ್ಞಾಪನೆ. ಮಗಳು ಕೊಡಹೊರಟಿರುವುದು ಕೊಂಡ ಮನೆಗೆ ಎರಡನೆಯ ಕ್ರಯವಲ್ಲ, ಕೊಳ್ಳದೆ ಉಳಿದಿದ್ದ ವರ್ಷಗಳಿಗೆ ಮೊದಲನೆಯ ಕ್ರಯ. ಎಂಬತ್ತು ಜಾರುವ ಮೊದಲೇ ವರ್ಷಗಳನ್ನು ಎಣಿಸಿ ನೋಡಿದ ಮಗಳನ್ನು ಗದರಬೇಡಿ. ಎಷ್ಟೋ ಮನೆಗಳಲ್ಲಿ ಆ ಎಣಿಕೆ ನಡೆಯುವುದು ಮನೆ ಮಾರಲು ಹೊರಟ ದಿನ.